ಸ್ಯಾಟಲೈಟ್ ರೇಡಿಯೊ ಬಿಡಿ, ಫೋನ್ ಜೋಡಣೆ ನೋಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರಿನ ಹಳೆ ಸ್ಟಿರಿಯೊ ತೆಗೆದು ಹೊಸದು ಹಾಕಿಸುವ ಬಗ್ಗೆ ಬಂದ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಉದ್ದ ಇದ್ದ ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ನನ್ನದು 2015ರ ಸ್ವಿಫ್ಟ್. ಅಂಗಡಿಯೊಂದರಲ್ಲಿ ಒಂಬತ್ತು ಇಂಚಿನ ಆಂಡ್ರಾಯ್ಡ್ ಪ್ಲೇಯರ್ ತೋರಿಸಿದರು. "ಇದರಾಗ ಸ್ಯಾಟಲೈಟ್ ರೇಡಿಯೊ ಬರ್ತದರೀ, ಜಗತ್ತಿನ ಎಲ್ಲಾ ಸ್ಟೇಷನ್ ಹತ್ತತಾವ" ಅಂದರು. ಅದಕ್ಕೆ ಅಂತ ಬೇರೆ ದುಡ್ಡು ಕೇಳುತ್ತಿದ್ದಾರೆ. ಕೊಡಬಹುದಾ? (ಓದುಗರು, ಕೇಶ್ವಾಪುರ, ಹುಬ್ಬಳ್ಳಿ)

ಬೇಡ, ಕೊಡಬೇಡಿ. ನಮ್ಮ ದೇಶದಲ್ಲಿ ಕಾರಿಗೆ ಸಿಗುವಂಥ ಸ್ಯಾಟಲೈಟ್ ರೇಡಿಯೊ, ಅಂದರೆ ಉಪಗ್ರಹದಿಂದ ನೇರವಾಗಿ ಬರುವ ರೇಡಿಯೊ ಸೇವೆ, ಇಲ್ಲ. ಇಲ್ಲದ ಸೇವೆಗೆ ಯಾಕೆ ದುಡ್ಡು ಕೊಡಬೇಕು ಹೇಳಿ?

ಅಂಗಡಿಯಲ್ಲಿ ನಿಮಗೆ ಕೇಳಿಸಿದ್ದು ಇಂಟರ್ನೆಟ್ ರೇಡಿಯೊ. ಪ್ಲೇಯರ್ ಒಳಗೆ ಒಂದು ಆ್ಯಪ್ ಇರುತ್ತದೆ, ಅದು ಸಿಮ್‌ನಿಂದಲೋ ಫೋನಿನ ಹಾಟ್‌ಸ್ಪಾಟ್‌ನಿಂದಲೋ ಡೇಟಾ ತೆಗೆದುಕೊಂಡು ಹಾಡು ಹಾಕುತ್ತದೆ, ಅಷ್ಟೇ. ಅದೇ ಆ್ಯಪ್ ನಿಮ್ಮ ಫೋನಿನಲ್ಲೂ ಪುಕ್ಕಟೆ ಸಿಗುತ್ತದೆ. ಅನುಮಾನ ಇದ್ದರೆ ಅಲ್ಲೇ ನಿಂತು ಪರೀಕ್ಷೆ ಮಾಡಿ. ಪ್ಲೇಯರ್‌ನ ಸಿಮ್ ತೆಗೆಸಿ, ವೈಫೈ ಬಂದ್ ಮಾಡಿಸಿ, ಎರಡು ನಿಮಿಷ ಕಾಯಿರಿ. ನಿಜವಾದ ಉಪಗ್ರಹದ ಸಿಗ್ನಲ್ ಆಗಿದ್ದರೆ ಹಾಡು ನಡೆಯುತ್ತಲೇ ಇರಬೇಕು, ಇಂಟರ್ನೆಟ್ ಆಗಿದ್ದರೆ ನಿಂತೇ ನಿಲ್ಲುತ್ತದೆ.

ಈ ಗೊಂದಲಕ್ಕೆ ಇನ್ನೊಂದು ಕಾರಣ ಜಿಪಿಎಸ್. ಪ್ಲೇಯರ್ ಜೊತೆ ಬೆಂಕಿಪೊಟ್ಟಣದಷ್ಟು ಚಿಕ್ಕ ಕಪ್ಪು ಡಬ್ಬಿ ಬರುತ್ತದೆ, ಅದಕ್ಕೆ ಉದ್ದ ವೈರ್ ಇರುತ್ತದೆ. ಅದನ್ನು "ಸ್ಯಾಟಲೈಟ್ ಆಂಟೆನಾ" ಅಂತ ತೋರಿಸುತ್ತಾರೆ. ಮಾತು ಸುಳ್ಳಲ್ಲ, ಅದು ಉಪಗ್ರಹದಿಂದಲೇ ಸಿಗ್ನಲ್ ಹಿಡಿಯುತ್ತದೆ. ಆದರೆ ಅದರಿಂದ ಗೊತ್ತಾಗುವುದು ನಿಮ್ಮ ಕಾರು ಎಲ್ಲಿದೆ ಅನ್ನುವುದು ಮಾತ್ರ. ಅದರಲ್ಲಿ ಹಾಡೂ ಬರಲ್ಲ, ಮಾತೂ ಬರಲ್ಲ. ಅದನ್ನು ಡ್ಯಾಶ್‌ಬೋರ್ಡ್ ಒಳಗೆ ತುರುಕದೆ ಮುಂದಿನ ಗಾಜಿನ ಹತ್ತಿರ, ಆಕಾಶ ಕಾಣುವ ಹಾಗೆ ಅಂಟಿಸಲು ಹೇಳಿ. ಆ ಡಬ್ಬಿಯ ನಿಜವಾದ ಉಪಯೋಗ ಅದು.

ಇನ್ನು ಸಿಮ್ ಹಾಕುವ ಪ್ಲೇಯರ್ ಬೇಕಾ ಅಂದರೆ, ನನ್ನ ಮಟ್ಟಿಗೆ ಬೇಡ. ಹೇಗೂ ಜೇಬಿನಲ್ಲಿ ಫೋನ್ ಇರುತ್ತದೆ, ಅದರಲ್ಲಿ ಡೇಟಾ ಇರುತ್ತದೆ. ಇನ್ನೊಂದು ಸಿಮ್, ಇನ್ನೊಂದು ರೀಚಾರ್ಜ್ ಸುಮ್ನೆ ಖರ್ಚು. 64 ಕೆಬಿಪಿಎಸ್‌ನ (ಸೆಕೆಂಡಿಗೆ 64 ಕಿಲೋಬಿಟ್ ಡೇಟಾ ಬರುವ) ರೇಡಿಯೊ ಗಂಟೆಗೆ ಸುಮಾರು 29 ಎಂಬಿ ತಿನ್ನುತ್ತದೆ, 128ರದ್ದು 58 ಎಂಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದವರಿಗೆ ಇದು ಲೆಕ್ಕಕ್ಕೇ ಬರಲ್ಲ.

ಬಹಳ ವರ್ಷದ ಹಿಂದೆ ನಮ್ಮ ಮನೆಯಲ್ಲಿ ವರ್ಲ್ಡ್‌ಸ್ಪೇಸ್ ಸೆಟ್ ಇತ್ತು. "ಸ್ಪರ್ಶ" ಅಂತ ಕನ್ನಡ ಚಾನೆಲ್ ಬರುತ್ತಿತ್ತು, ಜಾಹೀರಾತೇ ಇರಲಿಲ್ಲ. ಸೆಟ್ ಇನ್ನೂ ಅಟ್ಟದ ಮೇಲಿದೆ. ಅದನ್ನು ಕಾರಿಗೆ ಜೋಡಿಸಬಹುದಾ? (ನಿವೃತ್ತ ಶಿಕ್ಷಕರು, ಧಾರವಾಡ)

ಸರ್, ಆಗುವುದಿಲ್ಲ. ವರ್ಲ್ಡ್‌ಸ್ಪೇಸ್ ಅನ್ನುವ ಆ ಸ್ಯಾಟಲೈಟ್ ರೇಡಿಯೊ ಸೇವೆ ಭಾರತದಲ್ಲಿ 2009ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ಅದರ ಹಿಂದಿನ ವರ್ಷವೇ ಕಂಪನಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಚಂದಾ ಕಟ್ಟಿದ್ದ ಎಷ್ಟೋ ಕೇಳುಗರಿಗೆ ಅವತ್ತು ನಿಜಕ್ಕೂ ಬೇಜಾರಾಗಿತ್ತು. ನಡುವೆ ಜಾಹೀರಾತಿಲ್ಲದೆ ಕನ್ನಡ ಹಾಡು, ಶಾಸ್ತ್ರೀಯ ಸಂಗೀತ ಅಷ್ಟು ಶುದ್ಧವಾಗಿ ಬರುವುದು ಆಗ ಬೇರೆಲ್ಲೂ ಇರಲಿಲ್ಲ. ನೀವು ಅದನ್ನು ಇನ್ನೂ ನೆನೆಯುತ್ತೀರಿ ಅಂದರೆ ನನಗೆ ಅರ್ಥವಾಗುತ್ತದೆ.

ಸೇವೆ ಇದ್ದ ಕಾಲದಲ್ಲೂ ಆ ಸೆಟ್ ಕಾರಿಗೆ ಒಗ್ಗುತ್ತಿರಲಿಲ್ಲ. ನಿಮಗೆ ನೆನಪಿರಬಹುದು, ಅದರ ಚಪ್ಪಟೆ ಆಂಟೆನಾವನ್ನು ಕಿಟಕಿಯಲ್ಲಿ ಪೂರ್ವದ ಕಡೆ ಮುಖ ಮಾಡಿ ಇಡಬೇಕಿತ್ತು. ಏಷ್ಯಾಸ್ಟಾರ್ ಅನ್ನುವ ಉಪಗ್ರಹ ಆ ದಿಕ್ಕಿನಲ್ಲಿತ್ತು. ಮರವೋ ಗೋಡೆಯೋ ಅಡ್ಡ ಬಂದರೆ ಸಿಗ್ನಲ್ ಹೋಗುತ್ತಿತ್ತು. ಕಾರು ಒಂದೇ ದಿಕ್ಕಿಗೆ ಓಡಲ್ಲ ಅಲ್ವಾ? ಅದಕ್ಕೇ ಕಾರಿನ ಸ್ಯಾಟಲೈಟ್ ರೇಡಿಯೊ ನಡೆಸುವವರು ಉಪಗ್ರಹ ಒಂದನ್ನೇ ನಂಬುವುದಿಲ್ಲ. ಕಟ್ಟಡಗಳಿಂದ ತುಂಬಿದ ಊರುಗಳಲ್ಲಿ ನೆಲದ ಮೇಲೂ ರಿಪೀಟರ್ ಟವರ್ ಹಾಕಬೇಕಾಗುತ್ತದೆ. ಅಮೆರಿಕದಲ್ಲಿ ಹಾಗೇ ಮಾಡಿದ್ದಾರೆ. ಇಲ್ಲಿ ಆ ಕೆಲಸ ಆಗಲೇ ಇಲ್ಲ.

ಮಗ ಅಮೆರಿಕದಿಂದ ಬರುವಾಗ ಒಳ್ಳೆ ಕಂಪನಿಯ ಡಬಲ್ ಡಿನ್ (ಎರಡು ಪಟ್ಟು ಎತ್ತರದ) ಸ್ಟಿರಿಯೊ ತಂದಿದ್ದಾನೆ. ಡಬ್ಬಿಯ ಮೇಲೆ "ಸಿರಿಯಸ್ ಎಕ್ಸ್‌ಎಂ ರೆಡಿ" ಅಂತಿದೆ. ಹಾಕಿಸಿದೆವು. ಸ್ಯಾಟಲೈಟ್ ರೇಡಿಯೊ ಬರಲಿಲ್ಲ ಅನ್ನುವುದು ಹೋಗಲಿ, ನಮ್ಮ ಧಾರವಾಡ ಆಕಾಶವಾಣಿಯೂ ಬರುತ್ತಿಲ್ಲ. ನಮ್ಮ ಮಾವನವರಿಗೆ ಅದೊಂದೇ ಬೇಕು. ಸೆಟ್ ಕೆಟ್ಟಿದೆಯಾ? (ಗೃಹಿಣಿ, ಗದಗ)

ಸೆಟ್ ಕೆಟ್ಟಿಲ್ಲ, ಅಕ್ಕಾ. ಅದು ಇನ್ನೂ ಅಮೆರಿಕದ ಲೆಕ್ಕದಲ್ಲೇ ನಡೆಯುತ್ತಿದೆ.

ಮೊದಲು ಸಿರಿಯಸ್ ಎಕ್ಸ್‌ಎಂ ವಿಷಯ ಮುಗಿಸೋಣ. ಸಿರಿಯಸ್, ಎಕ್ಸ್‌ಎಂ ಎರಡು ಬೇರೆ ಸ್ಯಾಟಲೈಟ್ ರೇಡಿಯೊ ಕಂಪನಿಗಳಾಗಿದ್ದವು, 2008ರಲ್ಲಿ ಒಂದಾದವು. ಅವರ ಉಪಗ್ರಹ ಸೇವೆ ಇರುವುದು ಉತ್ತರ ಅಮೆರಿಕಕ್ಕೆ. ಇನ್ನು "ರೆಡಿ" ಅಂದರೆ ಸೆಟ್ಟಿನ ಬೆನ್ನಿಗೆ ಒಂದು ಸಾಕೆಟ್ ಇದೆ ಅಂತ ಮಾತ್ರ. ಅಲ್ಲಿನವರೂ ಬೇರೆ ಟ್ಯೂನರ್ ಡಬ್ಬಿ ಕೊಂಡು, ಛಾವಣಿಯ ಮೇಲೆ ಆಂಟೆನಾ ಕೂರಿಸಿ, ಚಂದಾ ಕಟ್ಟಿದ ಮೇಲೇ ಅದು ಹಾಡುವುದು. ಗದಗಿನಲ್ಲಿ ಇದೆಲ್ಲ ತಂದು ಹಾಕಿದರೂ ಮೇಲಿಂದ ಸಿಗ್ನಲ್ ಬರಬೇಕಲ್ಲ? ಆ ಸಾಕೆಟ್ ಖಾಲಿ ಇರಲಿ ಬಿಡಿ.

ಆಕಾಶವಾಣಿಯದು ಮಾತ್ರ ಖಂಡಿತ ಸರಿಹೋಗುವ ತೊಂದರೆ. ಧಾರವಾಡ ಕೇಂದ್ರದ ಮಧ್ಯಮ ತರಂಗ (ಸೆಟ್ಟಿನ ಮೇಲೆ ಎಎಂ ಅಂತ ಇರುತ್ತದೆ) 765 ಕಿಲೋಹರ್ಟ್ಸ್‌ನಲ್ಲಿದೆ. ನಮ್ಮಲ್ಲಿ ಮಧ್ಯಮ ತರಂಗದ ಸ್ಟೇಷನ್‌ಗಳ ನಡುವೆ 9 ಕಿಲೋಹರ್ಟ್ಸ್ ಅಂತರ ಇರುತ್ತದೆ, 765 ಅಂದರೆ ಒಂಬತ್ತು ಎಂಬತ್ತೈದಲೆ. ಅಮೆರಿಕದಲ್ಲಿ ಅಂತರ 10. ಅಲ್ಲಿನ ಸೆಟ್ ಬಟನ್ ಒತ್ತಿದಾಗ 760ಕ್ಕೆ ಹೋಗುತ್ತದೆ, ಮತ್ತೆ ಒತ್ತಿದರೆ 770ಕ್ಕೆ ಜಿಗಿಯುತ್ತದೆ. ನಡುವಿನ 765ರಲ್ಲಿ ಅದು ನಿಲ್ಲುವುದೇ ಇಲ್ಲ. ಎಫ್‌ಎಂನಲ್ಲೂ ಇದೇ ಕಥೆ. ಅಮೆರಿಕದ ಸೆಟ್ 98.1, 98.3, 98.5 ಅಂತ ಬೆಸ ಅಂಕಿಯಲ್ಲೇ ಹೋಗುತ್ತದೆ, ಚುಕ್ಕೆಯ ಮುಂದೆ 0, 2, 4, 6, 8 ಇರುವ ಸ್ಟೇಷನ್ ಹತ್ತುವುದಿಲ್ಲ.

ಸೆಟ್ಟಿನ ಮ್ಯಾನುಯಲ್ ತೆಗೆದು "ಟ್ಯೂನರ್ ಸ್ಟೆಪ್", "ಏರಿಯಾ" ಅಥವಾ "ರೀಜನ್" ಅನ್ನುವ ಮಾತು ಹುಡುಕಿ. ಕೆಲವು ಸೆಟ್‌ಗಳಲ್ಲಿ ಹಾಡು ಬಂದ್ ಮಾಡಿದ ಮೇಲೆ, ಕೀ ಮಾತ್ರ ಆನ್ ಇರುವಾಗ ಆ ಮೆನು ತೆರೆಯುತ್ತದೆ. ಅಲ್ಲಿ ಎಎಂಗೆ 9, ಎಫ್‌ಎಂಗೆ 0.1 ಅಥವಾ 0.05 ಆರಿಸಿ. ಬದಲಿಸಿದಾಗ ಹಳೆಯ ಪ್ರಿಸೆಟ್ (ಬಟನ್‌ಗೆ ನೆನಪಿಟ್ಟ ಸ್ಟೇಷನ್) ಅಳಿಸಿಹೋಗಬಹುದು, ಗಾಬರಿ ಬೇಡ. ಆಮೇಲೆ 765ಕ್ಕೆ ತಂದು ಒಂದನೇ ನಂಬರಿನ ಬಟನ್ ಒತ್ತಿ ಹಿಡಿಯಿರಿ. ಮಾವನವರಿಗೆ ಆಮೇಲೆ ಅದೊಂದೇ ಬಟನ್ ಸಾಕು.

ಇಷ್ಟಾದರೂ ಸದ್ದು ಸಣ್ಣದಾಗಿ, ಗುಂಯ್ ಅನ್ನುತ್ತ ಬಂದರೆ ಎರಡು ವಿಷಯ ನೋಡಿಸಿ. ಒಂದು, ನೀಲಿ ವೈರ್. ಎಷ್ಟೋ ಕಾರುಗಳಲ್ಲಿ ಛಾವಣಿಯ ಆಂಟೆನಾ ಬುಡದಲ್ಲಿ ಪುಟ್ಟ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ 12 ವೋಲ್ಟ್ ಹೋಗಬೇಕು, ಸ್ಟಿರಿಯೊ ಹಿಂದಿನ ನೀಲಿ ವೈರಿನಿಂದ ಅದು ಹೋಗುತ್ತದೆ. ಕೂರಿಸುವವರು "ಇದು ಆಂಪ್ ಇದ್ದವರಿಗೆ ಮಾತ್ರ" ಅಂತ ಅದನ್ನು ಟೇಪ್ ಸುತ್ತಿ ಬಿಟ್ಟುಬಿಡುತ್ತಾರೆ. ಆಗ ಊರೊಳಗೆ ಹೇಗೋ ಬರುವ ರೇಡಿಯೊ ಊರು ದಾಟಿದ ಕೂಡಲೇ ಹೋಗುತ್ತದೆ. ಹೊಸ ಸ್ಟಿರಿಯೊ ಹಾಕಿಸಿದ ಮೇಲೆ ರೇಡಿಯೊ ಕೆಟ್ಟಿತು ಅನ್ನುವ ದೂರುಗಳಲ್ಲಿ ನಾನು ಮೊದಲು ಹುಡುಕುವುದು ಈ ನೀಲಿ ವೈರನ್ನೇ. ಎರಡನೆಯದು, ಸಿಗರೇಟ್ ಸಾಕೆಟ್ಟಿಗೆ ಹಾಕಿದ ಅಗ್ಗದ ಚಾರ್ಜರ್, ಡ್ಯಾಶ್‌ಕ್ಯಾಮ್, ಆಮೇಲೆ ಹಾಕಿಸಿದ ಎಲ್‌ಇಡಿ ದೀಪ. ಇವುಗಳ ಗಲಾಟೆ ಮಧ್ಯಮ ತರಂಗಕ್ಕೆ ಬೇಗ ತಟ್ಟುತ್ತದೆ. ಒಂದೊಂದನ್ನೇ ಕಿತ್ತು ನೋಡಿ, ಯಾವುದರಿಂದ ಗುಂಯ್‌ಗುಡುತ್ತಿದೆ ಅಂತ ಗೊತ್ತಾಗುತ್ತದೆ.

ಹೊಸ ಪ್ಲೇಯರ್ ಕೊಳ್ಳುವ ಬೇರೆಯವರಿಗೂ ಇಲ್ಲೇ ಒಂದು ಮಾತು. ಇವತ್ತು ಮಾರುವ ಎಷ್ಟೋ ಅಗ್ಗದ ಆಂಡ್ರಾಯ್ಡ್ ಪ್ಲೇಯರ್‌ಗಳಲ್ಲಿ ಎಎಂ ಇರುವುದೇ ಇಲ್ಲ, ಇದ್ದರೂ ಹೆಸರಿಗೆ ಮಾತ್ರ. 1950ರಲ್ಲಿ ಶುರುವಾದ ಧಾರವಾಡ ಕೇಂದ್ರವನ್ನು ಕೇಳುತ್ತ ಬೆಳೆದ ಮನೆಗಳು ನಮ್ಮ ಭಾಗದಲ್ಲಿ ಎಷ್ಟಿಲ್ಲ? ಮನೆಯಲ್ಲಿ ಹಿರಿಯರಿದ್ದರೆ, ಕೃಷಿ ಕಾರ್ಯಕ್ರಮ ಕೇಳುವವರಿದ್ದರೆ, ಎಎಂ ಇರುವ ಸೆಟ್ಟನ್ನೇ ಕೇಳಿ ತೆಗೆದುಕೊಳ್ಳಿ. ಈಗಾಗಲೇ ಬೇರೆ ಕೊಂಡಾಗಿದ್ದರೆ ಫೋನಿನಲ್ಲಿ ಆಕಾಶವಾಣಿಯ "ನ್ಯೂಸ್ ಆನ್ ಏರ್" ಆ್ಯಪ್ ಹಾಕಿಕೊಂಡು ಕಾರಿನ ಸ್ಪೀಕರಿನಲ್ಲಿ ಕೇಳಬಹುದು. ಇಂಟರ್ನೆಟ್ ಮೇಲೆ ಬರುವುದು ಸ್ವಲ್ಪ ತಡವಾಗಿ ಬರುತ್ತದೆ, ಅದರ ಸಮಯ ಸೂಚನೆ ಕೇಳಿ ಗಡಿಯಾರ ತಿದ್ದಬೇಡಿ.

ಫೋನ್ ಜೋಡಿಸಲು ಬ್ಲೂಟೂತ್, ಯುಎಸ್‌ಬಿ, ಆಕ್ಸ್, ವೈರ್‌ಲೆಸ್ ಆಂಡ್ರಾಯ್ಡ್ ಆಟೊ ಅಂತ ಏನೇನೋ ಹೇಳುತ್ತಾರೆ. ದಿನಾ ನವನಗರದಿಂದ ಧಾರವಾಡಕ್ಕೆ ಕೆಲಸಕ್ಕೆ ಹೋಗುತ್ತೇನೆ, ತಿಂಗಳಿಗೊಮ್ಮೆ ಅಂಕೋಲಾಕ್ಕೆ ತವರಿಗೆ. ನನಗೆ ಯಾವುದು ಸರಿ? ಕೇಬಲ್ ಹಾಕಿದರೂ ಅದು ಬ್ಲೂಟೂತ್ ಯಾಕೆ ಕೇಳುತ್ತದೆ? (ಬ್ಯಾಂಕ್ ಉದ್ಯೋಗಿ, ನವನಗರ)

ನಿಮ್ಮ ಎರಡು ದಾರಿಗೆ ಎರಡು ಉತ್ತರ. ಆಂಡ್ರಾಯ್ಡ್ ಆಟೊ ಅಂದರೆ ಫೋನಿನ ಮ್ಯಾಪ್, ಹಾಡು, ಕರೆಗಳನ್ನು ಕಾರಿನ ಪರದೆಯಿಂದಲೇ ಬಳಸುವ ವ್ಯವಸ್ಥೆ. ದಿನದ ಓಡಾಟಕ್ಕೆ ಅದರ ವೈರ್‌ಲೆಸ್ ಬಹಳ ಅನುಕೂಲ. ಬ್ಯಾಗಿನಲ್ಲೇ ಫೋನ್ ಇರುತ್ತದೆ, ಕಾರು ಚಾಲು ಮಾಡಿದರೆ ತಾನೇ ಜೋಡಣೆ ಆಗುತ್ತದೆ. ಫೋನಿನಲ್ಲಿ ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸದು, ಜೊತೆಗೆ 5 ಗಿಗಾಹರ್ಟ್ಸ್ ವೈಫೈ ಇದ್ದರೆ ಆಯಿತು. ಅಂಕೋಲಾ ದಾರಿಗೆ ಕೇಬಲ್ ಹಾಕಿ. ವೈರ್‌ಲೆಸ್‌ನಲ್ಲಿ ವೈಫೈ, ಜಿಪಿಎಸ್, ಡೇಟಾ ಮೂರೂ ಒಟ್ಟಿಗೆ ನಡೆದು ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡ್ ಮೇಲಿಟ್ಟು ಚಾರ್ಜಿಗೂ ಹಾಕಿದರೆ ಫೋನ್ ಬಿಸಿಯಾಗಿ ತಾನೇ ಚಾರ್ಜ್ ನಿಲ್ಲಿಸಿಬಿಡಬಹುದು.

ಹಾಗಾಗಿ ಎರಡೂ ಇರುವ ಸೆಟ್ ತೆಗೆದುಕೊಳ್ಳಿ. ದುಡ್ಡು ಒಂದಕ್ಕೇ ಆಗುವುದಾದರೆ ಕೇಬಲ್‌ನದೇ ಸಾಕು. ಕೇಬಲ್‌ನ ಆಂಡ್ರಾಯ್ಡ್ ಆಟೊ ಇರುವ ಸೆಟ್ಟಿಗೆ ಆಮೇಲೆ ಬೇಕಾದರೆ ವೈರ್‌ಲೆಸ್ ಡಾಂಗಲ್ ಅನ್ನುವ ಪುಟ್ಟ ಡಬ್ಬಿ ಸಿಕ್ಕಿಸಬಹುದು. ಆದರೆ ಆಂಡ್ರಾಯ್ಡ್ ಆಟೊ ಇಲ್ಲವೇ ಇಲ್ಲದ, ಬರೀ ಯುಎಸ್‌ಬಿ ಹಾಡು ಹಾಕುವ ಸೆಟ್ಟಿಗೆ ಆ ಡಾಂಗಲ್ ಹಾಕಿದರೆ ಏನೂ ಆಗುವುದಿಲ್ಲ. ಇದು ಗೊತ್ತಿಲ್ಲದೆ ಆನ್‌ಲೈನ್‌ನಲ್ಲಿ ತರಿಸಿಕೊಂಡವರು ಜಾಸ್ತಿ ಜನ ಇದ್ದಾರೆ.

ಕೇಬಲ್ ಬಗ್ಗೆ ಕಂಜೂಸಿ ಬೇಡ. ಚಾರ್ಜ್ ಮಾತ್ರ ಆಗುವ ಕೇಬಲ್‌ಗಳು ಬಹಳ ಸಿಗುತ್ತವೆ, ಅವುಗಳಲ್ಲಿ ಡೇಟಾ ಹೋಗುವ ತಂತಿ ಇರುವುದೇ ಇಲ್ಲ. "ಆಂಡ್ರಾಯ್ಡ್ ಆಟೊ ಬರ್ತಾನೇ ಇಲ್ಲ" ಅಂದಾಗ ಮೊದಲು ಬದಲಿಸಬೇಕಾದದ್ದು ಕೇಬಲ್. ಒಂದು ಮೀಟರ್ ಒಳಗಿನ, ಫೋನಿನ ಜೊತೆ ಬಂದ ಅಥವಾ ಒಳ್ಳೆ ಕಂಪನಿಯ ಕೇಬಲ್ ಬಳಸಿ.

ಬ್ಲೂಟೂತ್ ಯಾಕೆ ಕೇಳುತ್ತದೆ ಅಂದಿರಲ್ಲ, ಒಳ್ಳೆ ಪ್ರಶ್ನೆ. ಆಂಡ್ರಾಯ್ಡ್ ಆಟೊದಲ್ಲಿ ಹಾಡು, ಮ್ಯಾಪ್ ಎಲ್ಲ ಕೇಬಲ್ ಮೇಲೆ ಹೋಗುತ್ತದೆ, ಆದರೆ ಫೋನ್ ಕರೆಯ ಧ್ವನಿ ಬ್ಲೂಟೂತ್ ಮೇಲೇ ಹೋಗುತ್ತದೆ. ಅದನ್ನು ಒಪ್ಪದಿದ್ದರೆ ಹಾಡು ಬರುತ್ತದೆ, ಕರೆ ಬರಲ್ಲ. ಒಪ್ಪಿಬಿಡಿ.

ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ನೆಟ್‌ವರ್ಕ್ ಕೈಕೊಡುತ್ತದೆ, ನಿಮಗೇ ಗೊತ್ತಿರುತ್ತದೆ. ಹೊರಡುವ ಹಿಂದಿನ ರಾತ್ರಿ ಮನೆಯ ವೈಫೈಯಲ್ಲಿ ಆ ಭಾಗದ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಜಿಪಿಎಸ್‌ಗೆ ಇಂಟರ್ನೆಟ್ ಬೇಡ, ಇಳಿಸಿಟ್ಟ ಮ್ಯಾಪ್ ಕಾರಿನ ಪರದೆಯ ಮೇಲೂ ದಾರಿ ತೋರಿಸುತ್ತದೆ. ಹಾಡುಗಳನ್ನೂ ಇಳಿಸಿಡಿ, ಇಲ್ಲವೇ ಒಂದು ಪೆನ್‌ಡ್ರೈವ್ ತುಂಬಿಸಿಡಿ. ಪೆನ್‌ಡ್ರೈವ್ ಫ್ಯಾಟ್ 32ಗೆ ಫಾರ್ಮ್ಯಾಟ್ ಆಗಿರಲಿ, ಹಲವು ಸೆಟ್‌ಗಳು ಬೇರೆಯದನ್ನು ಓದುವುದಿಲ್ಲ. ಆಕ್ಸ್ ಸಾಕೆಟ್ (ಇಯರ್‌ಫೋನ್ ಪಿನ್ನಿನಂಥ ವೈರ್ ಸಿಕ್ಕಿಸುವ ತೂತು) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅದಕ್ಕಾಗಿ ಸೆಟ್ ಬಿಡಬೇಡಿ.

ಮೆಣಸಿನಕಾಯಿ ವ್ಯಾಪಾರ ನನ್ನದು. ಹಳೆ ಬೊಲೆರೊ ಇದೆ, ಎರಡು ಫೋನ್ ಇವೆ, ಸೀಸನ್ನಿನಲ್ಲಿ ಬಿಡುವೇ ಇಲ್ಲದಂತೆ ಕರೆ ಬರುತ್ತವೆ. ಬ್ಲೂಟೂತ್ ಸ್ಟಿರಿಯೊ ಹಾಕಿಸಿದೆ. ನನಗೆ ಅವರ ಮಾತು ಚೆನ್ನಾಗಿ ಕೇಳುತ್ತದೆ, ಅವರು ಮಾತ್ರ "ಏನೂ ತಿಳೀವಲ್ದು ಅಣ್ಣಾರ" ಅಂತಾರೆ. (ವ್ಯಾಪಾರಸ್ಥರು, ಬ್ಯಾಡಗಿ)

ತಪ್ಪು ಇರುವುದು ಮೈಕಿನ ಜಾಗದಲ್ಲಿ. ಅಗ್ಗದ ಸೆಟ್‌ಗಳಲ್ಲಿ ಮೈಕು ಮುಂಭಾಗದಲ್ಲೇ, ಸೂಜಿ ಮೊನೆಯಷ್ಟು ಚಿಕ್ಕ ತೂತಿನ ಹಿಂದೆ ಇರುತ್ತದೆ. ಬೊಲೆರೊದ ಡೀಸೆಲ್ ಇಂಜಿನ್ ಸದ್ದು, ತೆರೆದ ಕಿಟಕಿಯ ಗಾಳಿ, ನಿಮ್ಮ ಮಾತು ಮೂರೂ ಅದಕ್ಕೆ ಒಂದೇ. ಸೆಟ್ಟಿನ ಹಿಂದೆ ಹೊರಗಿನ ಮೈಕಿಗೆ ಸಾಕೆಟ್ ಇದೆಯಾ ನೋಡಿಸಿ. ಇದ್ದರೆ ಒಂದು ಮೈಕು ಕೊಂಡು ಅದರ ವೈರನ್ನು ಮುಂದಿನ ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಒಳಗಿಂದ ಎಳೆದು, ಚಾಲಕನ ಬದಿಯ ಬಿಸಿಲು ಮರೆಯ ಹತ್ತಿರ ಅಥವಾ ಸ್ಟಿಯರಿಂಗ್ ಕಂಬದ ಮೇಲೆ ಕೂರಿಸಲಿ. ಎಸಿ ಗಾಳಿ ಹೊಡೆಯುವ ಕಡೆ ಮಾತ್ರ ಬೇಡ. ಸೆಟ್ಟಿಂಗ್‌ನಲ್ಲಿ ಮೈಕ್ "ಎಕ್ಸ್‌ಟರ್ನಲ್" ಅಂತ ಬದಲಿಸುವುದನ್ನು ಮರೆಯಬೇಡಿ.

ಎರಡು ಫೋನಿನ ವಿಷಯ ಕೊಳ್ಳುವಾಗಲೇ ಕೇಳಬೇಕಾದದ್ದು. "ಐದು ಫೋನ್ ಪೇರ್ ಆಗ್ತಾವ" ಅಂದರೆ ಐದನ್ನು ನೆನಪಿಡುತ್ತದೆ ಅಂತ ಅರ್ಥ. ನಿಮಗೆ ಬೇಕಾದದ್ದು ಎರಡು ಫೋನ್ ಒಂದೇ ವೇಳೆಗೆ ಜೋಡಣೆಯಲ್ಲಿರುವುದು. ಒಳ್ಳೆ ಕಂಪನಿಯ ಹಲವು ಸೆಟ್‌ಗಳಲ್ಲಿ ಇದಿದೆ. ಅಂಗಡಿಯಲ್ಲೇ ಎರಡನ್ನೂ ಜೋಡಿಸಿ, ಎರಡಕ್ಕೂ ಕರೆ ಮಾಡಿಸಿ ನೋಡಿ.

ಫೋನನ್ನು ಕೈಯಲ್ಲಿ ಹಿಡಿದು ಗಾಡಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಅಪಾಯಕಾರಿ ಚಾಲನೆಯಾಗುತ್ತದೆ. 2020ರ ಅಕ್ಟೋಬರ್‌ನಿಂದ ದಾರಿ ನೋಡಲು ಮಾತ್ರ, ಅದೂ ಗಮನ ತಪ್ಪದ ಹಾಗೆ, ಬಳಸಬಹುದು ಅಂತ ನಿಯಮ ಬಂದಿದೆ. ಸ್ಟಿರಿಯೊದಲ್ಲಿ ಮಾತಾಡಿದರೂ ರೇಟಿನ ಚೌಕಾಸಿ ಮಾಡುತ್ತ ಹೈವೇಯಲ್ಲಿ ಓಡಿಸಬೇಡಿ ಅಣ್ಣಾ. ಆಗ ಕಣ್ಣು ರಸ್ತೆ ಮೇಲಿರುತ್ತದೆ, ಮನಸ್ಸು ಇರುವುದಿಲ್ಲ. ಬದಿಗೆ ನಿಲ್ಲಿಸಿ ಮಾತಾಡಿ.

ನೆಟ್‌ವರ್ಕ್ ಇಲ್ಲದ ಕಡೆ ಬೇಕಾಗುತ್ತದೆ ಅಂತ ದುಬೈಯಿಂದ ಬಂದ ಗೆಳೆಯ ಸ್ಯಾಟಲೈಟ್ ಫೋನ್ ಕೊಡುತ್ತೇನೆ ಅನ್ನುತ್ತಿದ್ದಾನೆ. ಕಾರಿನಲ್ಲಿ ಇಟ್ಟುಕೊಳ್ಳಲಾ? (ಓದುಗರು, ಹಾನಗಲ್ಲ)

ದಯವಿಟ್ಟು ಬೇಡ. ಟೆಲಿಕಾಂ ಇಲಾಖೆಯ ಅನುಮತಿ ಇಲ್ಲದೆ ಥುರಾಯಾ, ಇರಿಡಿಯಂನಂಥ ಫೋನ್ ಇಟ್ಟುಕೊಳ್ಳುವುದು, ಬಳಸುವುದು ನಮ್ಮ ದೇಶದಲ್ಲಿ ಅಪರಾಧ. ಗೊತ್ತಿಲ್ಲದೆ ತಂದವರನ್ನೂ ವಿಮಾನ ನಿಲ್ದಾಣಗಳಲ್ಲಿ ಹಿಡಿದಿದ್ದಾರೆ. ಅನುಮತಿ ಇರುವ ದಾರಿ ಬಿಎಸ್‌ಎನ್‌ಎಲ್‌ನ ಇನ್‌ಮಾರ್ಸಾಟ್ ಸ್ಯಾಟಲೈಟ್ ಫೋನ್ ಸೇವೆ, ಅದಕ್ಕೆ ಅರ್ಜಿ ಹಾಕಿ ಪಡೆಯಬೇಕು. ನಿಮ್ಮ ಉಪಯೋಗಕ್ಕೆ ಎರಡು ಬೇರೆ ಕಂಪನಿಯ ಸಿಮ್ ಇರುವ ಒಂದು ಫೋನ್ ಸಾಕು.

ಹೊಸ ಪ್ಲೇಯರ್ ಹಾಕಿಸಿದ ಮೇಲೆ ಎರಡು ದಿನ ಗಾಡಿ ನಿಂತರೆ ಬ್ಯಾಟರಿ ಇಳಿದುಹೋಗುತ್ತಿದೆ. ಇನ್ನೊಂದು, ಡಬ್ಬಿ ಮೇಲೆ 50×4 ವ್ಯಾಟ್ ಅಂತಿದೆ, ಆದರೂ ಸದ್ದು ಒಡೆಯುತ್ತದೆ. (ಓದುಗರು, ರಾಣೆಬೆನ್ನೂರು)

ಬ್ಯಾಟರಿಯದು ವೈರಿಂಗ್ ತಪ್ಪು ಅನ್ನಿಸುತ್ತದೆ. ಸ್ಟಿರಿಯೊಗೆ ಎರಡು ಪ್ಲಸ್ ಬರುತ್ತವೆ. ಹಳದಿ ವೈರಿಗೆ ಯಾವಾಗಲೂ 12 ವೋಲ್ಟ್ ಇರಬೇಕು, ಗಡಿಯಾರ, ಪ್ರಿಸೆಟ್ ನೆನಪಿಡುವುದು ಅದರಿಂದ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಕೆಲಸ ಬೇಗ ಮುಗಿಸಲು ಕೆಲವರು ಹಳದಿ, ಕೆಂಪು ಎರಡನ್ನೂ ಸೇರಿಸಿ ತಿರುಚಿ, ಯಾವಾಗಲೂ ಕರೆಂಟ್ ಇರುವ ಕಡೆ ಕೊಟ್ಟುಬಿಡುತ್ತಾರೆ. ಆಗ ಕೀ ತೆಗೆದರೂ ಪ್ಲೇಯರ್ ಎಚ್ಚರವಾಗೇ ಇರುತ್ತದೆ. ಹಾಕಿಸಿದ ಅಂಗಡಿಗೇ ಹೋಗಿ ಫ್ರೇಮ್ ಬಿಚ್ಚಿಸಿ, ನಿಮ್ಮ ಕಣ್ಣೆದುರೇ ನೋಡಿಸಿ. ಮೂಲ ವೈರ್ ಕತ್ತರಿಸಿ ಟೇಪ್ ಸುತ್ತಿದ್ದರೆ ನಿಮ್ಮ ಗಾಡಿಗೆ ಸರಿಹೊಂದುವ ಕಪ್ಲರ್ (ವೈರ್ ಕತ್ತರಿಸದೆ ಜೋಡಿಸುವ ಪ್ಲಗ್) ಹಾಕಿಸಿ. ವಾರಂಟಿ ಇರುವ ಹೊಸ ಗಾಡಿಯವರಂತೂ ವೈರ್ ಕತ್ತರಿಸಲು ಬಿಡಲೇಬೇಡಿ.

50×4 ಅನ್ನುವುದು ಕ್ಷಣಮಾತ್ರ ಬರುವ ಗರಿಷ್ಠ ಲೆಕ್ಕ. ನಿರಂತರ ಬರುವ ಆರ್‌ಎಂಎಸ್ ಶಕ್ತಿ ಒಳ್ಳೆ ಸೆಟ್‌ಗಳಲ್ಲೂ ಒಂದೊಂದು ಸ್ಪೀಕರಿಗೆ ಸುಮಾರು 20 ವ್ಯಾಟ್ ಆಸುಪಾಸು. ವಾಲ್ಯೂಮ್ ತುಂಬಾ ಏರಿಸಿದರೆ ಒಡೆಯುವುದು ಸಹಜ. ಮೊದಲು ಬಾಸ್ ಇಳಿಸಿ, ಲೌಡ್‌ನೆಸ್ ಬಂದ್ ಮಾಡಿ ಕೇಳಿ. ಆಮೇಲೂ ಒಡೆದರೆ ಮುಂದಿನ ಎರಡು ಬಾಗಿಲಿನ ಸ್ಪೀಕರ್ ಬಿಚ್ಚಿಸಿ ನೋಡಿ. ಕಾಗದದ ಕೋನ್ ಅಂಚಿನಲ್ಲಿ ಹರಿದಿದ್ದರೆ ಅವೆರಡನ್ನೇ ಬದಲಿಸಿ, ಹಿಂದಿನವು ಸದ್ಯಕ್ಕೆ ಇರಲಿ. ಬಾಗಿಲ ತಗಡಿಗೆ ಡ್ಯಾಂಪಿಂಗ್ ಶೀಟ್ (ತಗಡಿನ ನಡುಕ ತಗ್ಗಿಸುವ ಹಾಳೆ) ಅಂಟಿಸುವುದಿದ್ದರೆ ಪ್ಯಾನೆಲ್ ಬಿಚ್ಚಿದಾಗಲೇ ಮಾಡಿಸಿ, ಎರಡನೇ ಸಲ ಬಿಚ್ಚಿದರೆ ಕ್ಲಿಪ್ ಮುರಿಯುತ್ತವೆ.